ಬೋರಲು ಬಿದ್ದ ಬೋಟು: ರಿಪೇರಿಯೋ, ಮೋಡ್ಕಾವೋ?

ಬೇಸಿಗೆಯಲ್ಲಿ ಯಾರಿಗೂ ಬೇಡವಾದ, ಆಗಸ್ಟ್ ಬಂತೆಂದರೆ ಎಲ್ಲರಿಗೂ ಬೇಕಾಗುವ ವಸ್ತು ಯಾವುದು? ಕೃಷ್ಣಾ ದಂಡೆಯ ಯಾವ ಊರಿನವರನ್ನೇ ಕೇಳಿ, ಉತ್ತರ ಒಂದೇ: ಬೋಟು!

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದೂ ತಾಲೂಕುಗಳ ಸುಖ-ದುಃಖ ಹೊಳೆಗೆ ಕಟ್ಟಿದ್ದು. ಕಬ್ಬು ಹೊಳೆಯದು, ಕಾರಖಾನೆ ಕಬ್ಬಿನದು, ಪೇಟೆಯ ಅಂಗಡಿ ಉದ್ರಿ ಕಾರಖಾನೆಯ ಬಿಲ್ಲಿನ ಮೇಲೆ. ಹೀಗಿರುವಾಗ ಹೊಳೆಯ ಮೇಲೆ ಓಡುವ ಬೋಟು ಮಾತ್ರ ಯಾರಿಗೂ ಸೇರದ ಅನಾಥ ಕೂಸು. ದಂಡೆಯ ಊರುಗಳಲ್ಲಿ ತಿರುಗಾಡಿದರೆ ಎಲ್ಲೋ ಒಂದು ಕಡೆ ಕಣ್ಣಿಗೆ ಬಿದ್ದೇ ಬೀಳುತ್ತದೆ: ಬೇವಿನ ಗಿಡದ ಕೆಳಗೆ ಬೋರಲಾಗಿ ಬಿದ್ದ ಫೈಬರ್ ಬೋಟು, ಅದರ ಕೆಳಗೆ ತತ್ತಿ ಇಡುವ ಕೋಳಿ, ಮೇಲೆ ಒಣಗಲು ಹಾಕಿದ ಹಪ್ಪಳ. ಅದರ ಎಂಜಿನ್ ಮತ್ತೊಂದು ಕಡೆ. ಗೋಣಿಚೀಲ ಸುತ್ತಿಕೊಂಡು, ಮುರಿದ ಕುರ್ಚಿ, ಹಳೇ ಬೋರ್ಡುಗಳ ನಡುವೆ, ಯಾರೋ ಒಬ್ಬರ ಕೈಯಲ್ಲಿ ಕೀಲಿ ಇರುವ ಖೋಲಿಯಲ್ಲಿ. ಊರ ಹೆಸರು ಬರೆದು ಒಬ್ಬರ ಮಾನ ಕಳೆಯುವುದು ನಮಗೆ ಬೇಡ. ಓದಿದವರು ತಮ್ಮ ತಮ್ಮ ಊರನ್ನು ತಾವೇ ನೋಡಿಕೊಳ್ಳಲಿ.

ಪ್ರಶ್ನೆ ಇಷ್ಟೇ. ಇಂಥ ಹಳೇ ಬೋಟನ್ನು, ಅದರ ಹಳೇ ಎಂಜಿನನ್ನು ರಿಪೇರಿ ಮಾಡಿಸಬೇಕೋ, ಮೋಡ್ಕಾದವನಿಗೆ ತೂಕಕ್ಕೆ ಹಾಕಬೇಕೋ?

ಕಟ್ಟೆಯ ಮೇಲಿನ ವಾದ

ದಂಡೆಯ ಊರೊಂದರ ಕಟ್ಟೆಯ ಮೇಲೆ ಇದೇ ವಿಷಯಕ್ಕೆ ವಾದ ನಡೆದದ್ದನ್ನು ನಾವು ಕೇಳಿದ್ದೇವೆ.

"ಕಾಕಾ, ಅದನ್ನ ಬಿಟ್ಟು ಬಿಡ್ರಿ. ಹೊಸಾದು ಕೇಳೂಣು. ಸರಕಾರ ಕೊಡತೈತಿ," ಎಂದ ಹುಡುಗ.

"ತಮ್ಮಾ, ಕೊಡತೈತಿ ಖರೆ. ಹೊಳಿ ಬರೂಕಿಂತ ಮೊದಲ ಕೊಡತೈತೋ, ಇಳದ ಮ್ಯಾಲ ಕೊಡತೈತೋ, ಅದನ್ನ ಹೇಳು," ಎಂದರು ಮುದುಕರು. ಅವರ ಮನೆತನ ತಲೆಮಾರಿನಿಂದ ಹುಟ್ಟು ಹಾಕಿದ್ದು.

"ಹಳೇದು ನಡು ನೀರಾಗ ಕೈ ಕೊಟ್ರ?"

"ಹೊಸಾದೂ ಕೊಡತೈತಿ, ನಡಸಾಂವಗ ಬರಲಿಲ್ಲಂದ್ರ."

ಇಬ್ಬರದೂ ಖರೆ. ಆದರೆ ವಾದ ಅಲ್ಲಿಗೇ ನಿಂತಿತು. ಚಹಾ ಬಂತು, ಮಾತು ಕಬ್ಬಿನ ದರಕ್ಕೆ ಹೊರಳಿತು. ಬೋಟು ಇದ್ದಲ್ಲೇ ಉಳಿಯಿತು. ನಮ್ಮ ತಕರಾರು ಇರುವುದೇ ಇಲ್ಲಿ. ರಿಪೇರಿ ಮಾಡುವುದು ಒಂದು ದಾರಿ. ಒಡೆದು ಹಾಕುವುದು ಇನ್ನೊಂದು. "ಇರಲಿ ಬಿಡು, ಆಮ್ಯಾಲ ನೋಡೂಣು" ಎಂಬುದು ಮೂರನೆಯದು. ಈ ಮೂರನೆಯ ದಾರಿಯೇ ಎಲ್ಲಕ್ಕಿಂತ ಅಪಾಯದ್ದು ಎಂದು ಈ ಅಂಕಣದ ಸ್ಪಷ್ಟ ಅಭಿಪ್ರಾಯ.

ಯಾಕೆ ಅಪಾಯ?

ಯಾಕೆಂದರೆ ನೀರು ಹೊಸ್ತಿಲಿಗೆ ಬಂದಾಗ ಮನುಷ್ಯ ಬೋಟಿನ ತಳ ತಟ್ಟಿ ನೋಡುವುದಿಲ್ಲ. ತೇಲುವ ಏನೇ ಸಿಕ್ಕರೂ ಹತ್ತುತ್ತಾನೆ. ಹೆಂಗಸರು ಮಕ್ಕಳು ಮೊದಲು ಎನ್ನುತ್ತಾನೆ. ಗಿಡದ ಕೆಳಗೆ ಬಿದ್ದ ಬೋಟನ್ನು ಹತ್ತು ಜನ ಕೂಡಿ ಎಳೆದು ನೀರಿಗೆ ಇಳಿಸುವುದು ಅಂಥ ರಾತ್ರಿಯೇ.

2019 ರ ಆಗಸ್ಟ್ 8. ನಮ್ಮಿಂದ ಬಹಳ ದೂರವಲ್ಲದ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಪೂರದಿಂದ ಜನರನ್ನು ಹೊರಗೆ ತರುತ್ತಿದ್ದ ಬೋಟು ಮಗುಚಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಂಗಸರು ಮಕ್ಕಳೂ ಇದ್ದರು. ಮಿತಿ ಮೀರಿ ಜನ ಹತ್ತಿದ್ದರೆಂದು ಆಗ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ಕೃಷ್ಣೆ, ಅದೇ ನೀರು. ಅಲ್ಲಿಂದ ಹರಿದು ನಮ್ಮ ಕಡೆಗೇ ಬಂದದ್ದು.

ಇನ್ನೊಂದು ನೆನಪು ಮಾಡಿಕೊಳ್ಳಿ. 2023 ರ ಮೇ 7, ಕೇರಳದ ತಾನೂರು. ಮೀನು ಹಿಡಿಯುವ ದೋಣಿಯನ್ನೇ ಮಾರ್ಪಾಡು ಮಾಡಿ ಪ್ರವಾಸಿ ಬೋಟು ಮಾಡಿದ್ದರು. ಅದರಲ್ಲೂ ಜನ ತುಂಬಿದ್ದರು. 22 ಜೀವ ಹೋದವು. ಹಳೇದಕ್ಕೆ ಹೊಸ ಬಣ್ಣ ಬಳಿದರೆ ಅದು ರಿಪೇರಿ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಆದ್ದರಿಂದ ಮೊದಲ ಮಾತು. ನೀರಿಗೆ ಇಳಿಸಲು ಯೋಗ್ಯವಿಲ್ಲ ಎಂದು ಗೊತ್ತಾದ ಬೋಟನ್ನು ಮೂಲೆಗೆ ಇಡಬೇಡಿ. ಗರಗಸ ತಂದು ಎರಡು ಹೋಳು ಮಾಡಿ. ದನಕ್ಕೆ ನೀರು ಕುಡಿಸುವ ಗೋದಲಿಯಾದರೂ ಆಗಲಿ! ಆದರೆ ಯಾರೂ ಅದರ ಮೇಲೆ ಜೀವ ಇಡದಂತೆ ಆಗಬೇಕು.

ಹೊಳೆಯ ಎರಡು ಮುಖ

"ಈಗ ಎಲ್ಲಾ ಕಡೆ ಬ್ರಿಜ್ ಆಗ್ಯಾವಲ್ರೀ, ಬೋಟು ಯಾಕ?" ಎಂದು ಬಸ್ಸಿನಲ್ಲಿ ಓಡಾಡುವ ಮಿತ್ರರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಕುಡಚಿ-ಉಗಾರ ನಡುವೆ ಬಸ್ಸಿನ ಕಿಟಕಿಯಿಂದ ಹೊಳೆ ನೋಡುತ್ತ ದಾಟುವವನಿಗೆ ನಾವೆಯ ನೆನಪು ಬರುವುದಾದರೂ ಹೇಗೆ? ಆದರೆ ಮಳೆಗಾಲದ ಸುದ್ದಿ ಓದುವ ಅಭ್ಯಾಸ ಇದ್ದವರಿಗೆ ಈ ಹೆಸರುಗಳು ಬಾಯಿಪಾಠ: ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ತಗ್ಗಿನ ಸೇತುವೆಗಳು ನೀರೊಳಗೆ ಹೋದವೆಂದು ಬರೆಯದೆ ಮಳೆಗಾಲ ಮುಗಿಯುವುದು ಅಪರೂಪ. ಬಸ್ಸು ಆಚೆ ದಂಡೆಗೇ ನಿಲ್ಲುತ್ತದೆ. ಹತ್ತು ನಿಮಿಷದ ದಾರಿಗೆ ಅರ್ಧ ತಾಲೂಕು ಸುತ್ತಬೇಕು.

ಇದು ಸಾದಾ ಮಳೆಗಾಲದ ಮಾತು. ಮಹಾಪೂರದ ಮಾತೇ ಬೇರೆ. 2005, 2019, 2021, 2024. ಇವು ದಂಡೆಯವರು ಬೆರಳು ಮಡಚಿ ಎಣಿಸುವ ವರ್ಷಗಳು. 2019 ರಲ್ಲಿಯೂ 2021 ರಲ್ಲಿಯೂ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ-ಬೆಂಗಳೂರು ಹೆದ್ದಾರಿಯನ್ನೇ ಬಂದ್ ಮಾಡಿತು. ದೇಶದ ದೊಡ್ಡ ರಸ್ತೆಯೇ ನಿಂತ ಮೇಲೆ ಹಳ್ಳಿಯ ಕಾಲುದಾರಿಯ ಗತಿ ಏನು?

2019 ರ ಚಮತ್ಕಾರವನ್ನಂತೂ ಮರೆಯಬಾರದು. ಆ ವರ್ಷ ಮೇ ತಿಂಗಳಲ್ಲಿ ಕೃಷ್ಣೆ ಬತ್ತಿತ್ತು. ಕುಡಿಯಲು ನೀರು ಬಿಡಿರಿ ಎಂದು ಮಹಾರಾಷ್ಟ್ರಕ್ಕೆ ಕೈ ಮುಗಿದೆವು. ಮೂರೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಅದೇ ಹೊಳೆ ಊರು ಕೇರಿ ನುಂಗಿತು. ಬೇಸಿಗೆಯಲ್ಲಿ ಬೋಟು ಉಸುಕಿನ ಮೇಲೆ ಕೂತಿರುತ್ತದೆ. ನೋಡಿದವನಿಗೆ "ಇದ್ಯಾಕ ಬೇಕು" ಅನಿಸುತ್ತದೆ. ಹಾಗೆ ಅನಿಸುವ ತಿಂಗಳಲ್ಲೇ ರಿಪೇರಿ ಆಗಬೇಕು. ಬೇಕು ಅನಿಸುವ ತಿಂಗಳಲ್ಲಿ ಫಿಟರ್ ಸಿಗುವುದಿಲ್ಲ, ಸಾಮಾನು ಸಿಗುವುದಿಲ್ಲ, ದಾರಿಯೂ ಸಿಗುವುದಿಲ್ಲ.

"ಎನ್.ಡಿ.ಆರ್.ಎಫ್. ಬರತೈತಿ, ಮಿಲಿಟರಿ ಬರತೈತಿ." ಖರೆ, 2019 ರಲ್ಲಿ ಬಂದರು, ಜನರನ್ನು ಉಳಿಸಿದರು, ಅವರಿಗೆ ನಮಸ್ಕಾರ. ಆದರೆ ಪೂರ ಒಂದೇ ಊರಿಗೆ ಬರುವುದಿಲ್ಲ. ಒಂದೇ ರಾತ್ರಿ ನೂರು ಕಡೆಯಿಂದ ಫೋನು ಹೋಗುತ್ತದೆ. ಅವರ ಬೋಟು ನಮ್ಮ ಊರಿಗೆ ಬರುವ ತನಕದ ತಾಸುಗಳು ನಮ್ಮವೇ. ಆ ತಾಸುಗಳಿಗಾಗಿ ಊರ ಬೋಟು.

ಮೊದಲು ತಳ, ಆಮೇಲೆ ಎಂಜಿನ್

ಈಗ ಕೆಲಸದ ಮಾತಿಗೆ ಬರೋಣ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೆ ದೊಡ್ಡ ಶಾಸ್ತ್ರ ಗೊತ್ತಿಲ್ಲ. ಆದರೆ ದಂಡೆಯವರನ್ನು, ಗ್ಯಾರೇಜಿನವರನ್ನು ಕೇಳಿ ತಿಳಿದದ್ದನ್ನು ನೇರ ಬರೆಯಲು ಅಡ್ಡಿಯಿಲ್ಲ.

ಜನ ಮಾಡುವ ಮೊದಲ ತಪ್ಪು ಎಂಜಿನಿನಿಂದ ಶುರು ಮಾಡುವುದು. ಹಗ್ಗ ಎಳೆದು "ಭರ್ರ್" ಅಂದರೆ ಸಾಕು, ಬೋಟು ತಯಾರಾಯಿತು ಎಂದು ಚಪ್ಪಾಳೆ. ಅಲ್ಲ! ಎಂಜಿನ್ ನಿಂತರೆ ಹುಟ್ಟು ಹಾಕಿ ದಂಡೆ ಸೇರಬಹುದು. ತಳ ಒಡೆದರೆ ಸೇರುವುದು ಬೇರೆ ದಂಡೆ.

ಫೈಬರ್ ಬೋಟಾದರೆ ತೊಳೆದು, ಬಿಸಿಲಿಗೆ ಒಣಗಿಸಿ, ಸುತ್ತಿಗೆಯ ಹಿಡಿಕೆಯಿಂದ ಗೇಣು ಗೇಣಿಗೂ ತಟ್ಟುತ್ತ ಹೋಗಬೇಕು. ಕಿರಾಣಿ ಅಂಗಡಿಯವರು ತೆಂಗಿನಕಾಯಿ ಬಡಿದು ನೋಡುವುದಿಲ್ಲವೇ, ಹಾಗೆಯೇ. ಟಣ್ ಎಂದರೆ ಗಟ್ಟಿ. ಬದ್ ಎಂದರೆ ಒಳಗೆ ನೀರು ಹೊಕ್ಕಿದೆ, ಪದರು ಬಿಟ್ಟಿದೆ ಎಂದು ಅರ್ಥ. ಅತಿ ಮುಖ್ಯವಾದ ಜಾಗ ಬೋಟಿನ ಹಿಂದಿನ ಹಲಗೆ, ಎಂಜಿನ್ ನೇತು ಹಾಕುವ ಜಾಗ. ಹಲವು ಬೋಟುಗಳಲ್ಲಿ ಅದು ಮೇಲೆ ಫೈಬರ್, ಒಳಗೆ ಕಟ್ಟಿಗೆ. ಬೋಲ್ಟಿನ ತೂತಿನಿಂದ ನೀರು ಇಳಿದು ಇಳಿದು ಒಳಗಿನ ಕಟ್ಟಿಗೆ ಮಣ್ಣಾಗಿರುತ್ತದೆ. ಹೊರಗೆ ನೋಡಿದರೆ ಮದುವೆ ಮನೆಯ ಹಾಗೆ ಬಣ್ಣ! ಎಂಜಿನ್ ಕೂರಿಸಿ, ಅದರ ಕೆಳಗಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಲಗೆ ಮಿಸುಕಿದರೆ ಅದನ್ನು ಬಿಚ್ಚಿ ಹೊಸದಾಗಿ ಕಟ್ಟಲೇಬೇಕು. ಇಲ್ಲವಾದರೆ ಒಂದು ದಿನ ಎಂಜಿನ್ ಹಲಗೆಯ ಸಮೇತ ಹೊಳೆಗೆ ಅರ್ಪಣೆ.

ಇನ್ನು ತೂಕ. ಮುಳುಗದಿರಲೆಂದು ಬೋಟಿನ ಹೊಟ್ಟೆಯಲ್ಲಿ ಫೋಮು ತುಂಬಿರುತ್ತಾರೆ. ವರ್ಷಗಟ್ಟಲೆ ಮಳೆಗೆ ಬಿದ್ದರೆ ಅದೇ ಫೋಮು ನೀರು ಕುಡಿದು ಕೂರುತ್ತದೆ. ಮೊದಲು ಆರು ಜನ ಎತ್ತುತ್ತಿದ್ದ ಬೋಟಿಗೆ ಈಗ ಹತ್ತು ಜನ ಬೇಕೆಂದರೆ ಬೋಟು ಹೊಟ್ಟೆಯಲ್ಲೇ ನೀರು ಹೊತ್ತಿದೆ. ತೇಲಿಸಬೇಕಾದದ್ದೇ ಮುಳುಗಿಸುತ್ತದೆ.

ತಗಡಿನ ಬೋಟಾದರೆ ತುಕ್ಕು ಕೆರೆದು ನೋಡಿ. ಕಟ್ಟಿಗೆಯದಾದರೆ ಹಲಗೆಯ ಸಂದಿಗೆ ಚೂಪಾದ ಮೊಳೆ ಚುಚ್ಚಿ ನೋಡಿ. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಕೈ ಮುಗಿದು ಬಿಡಿ.

ಕೊನೆಯ ಪರೀಕ್ಷೆಗೆ ಎಂಜಿನಿಯರ್ ಬೇಡ, ಅಂಗಡಿಕಾರನ ಲೆಕ್ಕ ಸಾಕು. ಹತ್ತು ಜನರ ಬೋಟು ಅನ್ನಿ. ಮನುಷ್ಯನಿಗೆ 65 ಕಿಲೋ ಹಿಡಿದರೆ 650 ಕಿಲೋ. ಸಿಮೆಂಟಿನ ಖಾಲಿ ಚೀಲಕ್ಕೆ 50 ಕಿಲೋ ಉಸುಕು ತುಂಬಿದರೆ 13 ಚೀಲ. ಹೊಳೆ ಶಾಂತವಿದ್ದಾಗ ಮೊಣಕಾಲು ನೀರಿನಲ್ಲಿ ಬೋಟು ಬಿಟ್ಟು, ಎಂಜಿನ್ ಕೂರಿಸಿ, 13 ಚೀಲ ಹೇರಿ, ಇಡೀ ದಿನ ಬಿಡಿ. ಸಂಜೆಗೆ ಒಳಗೆ ಎಷ್ಟು ನೀರು ಬಂತು ನೋಡಿ. ಬೋಟಿನ ಅಂಚು ನೀರಿನ ಮೇಲೆ ಎಷ್ಟು ಉಳಿದಿದೆ ಅಳೆಯಿರಿ. ಗೇಣಿಗಿಂತ ಕಡಿಮೆ ಉಳಿದರೆ ಅದು ಹತ್ತು ಜನರ ಬೋಟೇ ಅಲ್ಲ, ಚೀಲ ಇಳಿಸುತ್ತ ಬನ್ನಿ. ಸರಿ ಎನಿಸಿದಲ್ಲಿ ನೀರಿನ ಮಟ್ಟಕ್ಕೆ ಒಂದು ದಪ್ಪ ಬಿಳಿ ಗೆರೆ ಎಳೆಯಿರಿ. ಗೆರೆ ಮುಳುಗಿತೆಂದರೆ ಮಂತ್ರಿ ಬಂದರೂ ಹತ್ತಿಸಬಾರದು. ಬಸ್ಸಿನಲ್ಲಿ ಕಂಡಕ್ಟರ್ "ಮುಂದ ಸರೀರಿ, ಮುಂದ ಸರೀರಿ" ಅಂತಾನೆ, ಹೇಗೋ ಸರಿಯುತ್ತೇವೆ. ಬೋಟಿನಲ್ಲಿ ಮುಂದೆ ಸರಿಯಲು ಇರುವುದು ನೀರು ಮಾತ್ರ.

ಎಂಜಿನಿಗೆ ಮೋಹ ಬೇಡ

ತಳ ಪಾಸಾಯಿತು ಅನ್ನಿ. ಈಗ ಎಂಜಿನ್.

ಬೋಟಿನ ಹಿಂದೆ ನೇತು ಹಾಕುವ ಈ ಎಂಜಿನಿಗೆ ದೊಡ್ಡ ಹೆಸರು ತಂದುಕೊಟ್ಟವನು ಓಲೆ ಎವಿನ್ರೂಡ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. 1909 ರ ಸುಮಾರಿಗೆ ಮಿಲ್ವಾಕಿ ಪಟ್ಟಣದಲ್ಲಿ ಮಾರಲು ಶುರು ಮಾಡಿದ. ಮುಂದೆ ಲೋಕದ ತುಂಬ ಅವನ ಹೆಸರೇ. ಆದರೆ ಆ ಹೆಸರಿನ ಎಂಜಿನ್ ಮಾಡುತ್ತಿದ್ದ ಹಳೇ ಕಂಪನಿ 2000 ರಲ್ಲಿ ದಿವಾಳಿ ಎದ್ದಿತು. ಆಮೇಲೆ ಕೊಂಡವರು 2020 ರಲ್ಲಿ ತಯಾರಿಕೆಯನ್ನೇ ನಿಲ್ಲಿಸಿದರು. ಈ ಕತೆ ಯಾಕೆ ಹೇಳಿದೆವೆಂದರೆ, ಎಷ್ಟು ದೊಡ್ಡ ಹೆಸರಾದರೂ ಸಾಮಾನು ಸಿಗದಿದ್ದರೆ ಎಂಜಿನ್ ಬರೀ ಕಬ್ಬಿಣ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಮೇಲಿನ ನಂಬರ್ ಪಟ್ಟಿಯ ಫೋಟೋ ತೆಗೆದು, ಆ ಮಾಡೆಲ್‌ಗೆ ಸಾಮಾನು ಸಿಗುತ್ತದೆಯೇ ವಿಚಾರಿಸಿ. ನಮ್ಮ ಕರಾವಳಿಯ ಮೀನುಗಾರರು ಇಂಥ ಎಂಜಿನ್ ದಿನಾ ಉಪಯೋಗಿಸುವವರು. ಅವರ ಕಡೆ ಸಾಮಾನು ಸಿಗುವ ಮಾಡೆಲ್ ಆಗಿದ್ದರೆ ಅರ್ಧ ಚಿಂತೆ ಕಳೆದ ಹಾಗೆ.

ನಮ್ಮ ಭಾಗಕ್ಕೆ ಎಂಜಿನ್ ಹೊಸದೇನಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಬದುಕು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910 ರಲ್ಲಿ ಸಾಂಗಲಿ ಕಡೆಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ್ದನ್ನು ಯಾರು ಮರೆತಾರು? ಪಂಪಸೆಟ್ಟು ಬಿಚ್ಚಿ ಕಟ್ಟುವವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಹಳೇ ಬೋಟ್ ಎಂಜಿನ್ ಬಹುಪಾಲು ಟೂ-ಸ್ಟ್ರೋಕ್. ಯಮಹಾ ಆರ್‌ಎಕ್ಸ್ 100 ಬೈಕಿನ ತಮ್ಮನೇ ಅನ್ನಿ. ಆ ಬೈಕು ಬರುವುದು 1996 ರಲ್ಲೇ ನಿಂತರೂ ಅದನ್ನು ಇನ್ನೂ ಮಗುವಿನಂತೆ ಸಾಕುವ ಹುಡುಗರಿದ್ದಾರಲ್ಲ, ಅವರ ಮೇಸ್ತ್ರಿಗೆ ಈ ಎಂಜಿನ್ ಅರ್ಥವಾಗುತ್ತದೆ.

ಆದರೆ ಬೈಕಿನಲ್ಲಿ ಇಲ್ಲದ ಎರಡು ಸೂಕ್ಷ್ಮ ಇದರಲ್ಲಿವೆ. ಒಂದು, ಇದು ತಣ್ಣಗಾಗುವುದು ಗಾಳಿಯಿಂದಲ್ಲ, ಹೊಳೆಯ ನೀರಿನಿಂದ. ಕೆಳಗೆ ಒಂದು ರಬ್ಬರಿನ ಚಕ್ರ ತಿರುಗಿ ನೀರು ಎತ್ತುತ್ತದೆ. ಎಂಜಿನ್ ಓಡುವಾಗ ಹಿಂದೆ ಸಣ್ಣ ಧಾರೆ ಚಿಮ್ಮಬೇಕು. ಧಾರೆ ನಿಂತರೆ ಎಂಜಿನ್ ಸುಟ್ಟ ಹಾಗೆ. ವರ್ಷಗಟ್ಟಲೆ ಕೂತ ರಬ್ಬರು ಒಣಗಿ ಸೆಟೆದಿರುತ್ತದೆ. ಅದನ್ನು ನೋಡುವುದೂ ಬೇಡ, ಹೊಸದು ಹಾಕಿಬಿಡಿ. ಪೂರದ ರಾಡಿ ನೀರು ಅದನ್ನು ಬೇಗ ಸವೆಸುತ್ತದೆ, ಇನ್ನೊಂದು ಕೈಯಲ್ಲಿರಲಿ. ನೀರಿಲ್ಲದೆ "ಒಂದ ನಿಮಿಷ ಚಾಲೂ ಮಾಡಿ ನೋಡತೇನಿ" ಎಂಬ ಹುಡುಗಾಟ ಖಂಡಿತ ಬೇಡ. ಡ್ರಮ್ಮಿಗೆ ನೀರು ತುಂಬಿ ಅದರಲ್ಲಿ ನಿಲ್ಲಿಸಿ ಅರ್ಧ ತಾಸು ಓಡಿಸಿ.

ಎರಡು, ಕೆಳಗಿನ ಗಿಯರ್ ಎಣ್ಣೆ. ತಳದ ಸ್ಕ್ರೂ ಬಿಚ್ಚಿ ನೋಡಿ. ಎಣ್ಣೆ ಹಾಲು ಹಾಕಿದ ಚಹಾದಂತೆ ಬಂದರೆ ಸೀಲು ಹೋಗಿ ನೀರು ಹೊಕ್ಕಿದೆ. ಸೀಲು ಬದಲಿಸಿದರೆ ಸರಿಯಾಗಬಹುದು. ಅದರ ಜೊತೆ ಕಬ್ಬಿಣದ ಚೂರು ಬಂದರೆ ಗಿಯರೇ ತಿಂದಿದೆ, ಖರ್ಚು ದೊಡ್ಡದು. ಹಾಗೆಯೇ ಸಿಲಿಂಡರಿನ ಒತ್ತಡ ಅಳೆಯಿರಿ. ಎರಡು ಸಿಲಿಂಡರಿನಲ್ಲಿ ಹತ್ತಿರ ಹತ್ತಿರ ಒಂದೇ ಇದ್ದರೆ ಎಂಜಿನಿಗೆ ಜೀವ ಇದೆ. ಒಂದರಲ್ಲಿ ಬಹಳ ಕಡಿಮೆ ಬಂದರೆ ಅಲ್ಲೇ ನಿಲ್ಲಿಸಿ ಲೆಕ್ಕ ಹಾಕಿ.

ಒಂದು ಸಮಾಧಾನ ಇದೆ. ನಮ್ಮದು ಸಿಹಿ ನೀರು. ಸಮುದ್ರದ ಉಪ್ಪು ತಿಂದ ಎಂಜಿನಿಗಿಂತ ಹೊಳೆಯ ಎಂಜಿನ್ ಒಳಗೆ ಗಟ್ಟಿ ಉಳಿದಿರುವ ಸಂಭವ ಹೆಚ್ಚು. ನಮ್ಮ ಎಂಜಿನುಗಳು ಬಹಳ ಸಲ ಓಡಿ ಸತ್ತವಲ್ಲ, ಕೂತು ಸತ್ತವು.

ನಮ್ಮ ಕಬ್ಬು, ನಮ್ಮ ಕಾರ್ಬುರೇಟರ್

ಇಲ್ಲಿ ಒಂದು ತಮಾಷೆ ಇದೆ, ನಗುವ ತಮಾಷೆ ಅಲ್ಲ. ಹಳೇ ಎಂಜಿನಿನ ಹೊಸ ವೈರಿ ನಮ್ಮ ಹೊಲದಲ್ಲೇ ಬೆಳೆಯುತ್ತದೆ. 2023 ರಿಂದ ಬಂಕುಗಳಿಗೆ ಬರತೊಡಗಿದ ಇ-20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಇಥೆನಾಲ್. ಕಬ್ಬು ಬೆಳೆಯುವ ನಮಗೆ ಇಥೆನಾಲ್ ಎಂದರೆ ಬಿಲ್ಲು ಬೇಗ ಬಂದೀತೆಂಬ ಆಸೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಇಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟಾಕಿಯಲ್ಲಿ ಇಟ್ಟರೆ ನೀರು ಕೂಡಿ ತಳಕ್ಕೆ ಇಳಿಯಬಹುದು. ಹಳೇ ರಬ್ಬರ್ ನಳಿಗೆಯನ್ನು ಮೆತ್ತಗೆ ಮಾಡುತ್ತದೆ. ಉಳಿದ ಪೆಟ್ರೋಲು ಒಣಗಿ ಕಾರ್ಬುರೇಟರಿನ ಕೂದಲೆಳೆಯಂಥ ತೂತನ್ನು ಬೆಲ್ಲದ ಪಾಕದಂತೆ ಅಂಟಿ ಮುಚ್ಚುತ್ತದೆ. ಆಗಸ್ಟ್ ರಾತ್ರಿ ಹಗ್ಗ ಎಳೆದು ಎಳೆದು ಕೈ ಸೋತರೂ ಎಂಜಿನ್ ಕೆಮ್ಮುವುದಿಲ್ಲ.

ಪರಿಹಾರ ಸಸ್ತಾ ಇದೆ. ಹಳೇ ನಳಿಗೆ ಎಲ್ಲ ಕಿತ್ತು ಹೊಸದು ಹಾಕಿ. ಕೆಲಸ ಮುಗಿದಾಗ ಪೆಟ್ರೋಲ್ ನಳಿಗೆ ಬಿಚ್ಚಿ, ಕಾರ್ಬುರೇಟರ್ ಖಾಲಿಯಾಗಿ ತಾನೇ ನಿಲ್ಲುವ ತನಕ ಎಂಜಿನ್ ಓಡಿಸಿ. ಮಳೆಗಾಲದಲ್ಲಿ ಕ್ಯಾನಿನಲ್ಲಿ ಎಣ್ಣೆ ಬೆರೆಸದ ಪೆಟ್ರೋಲ್ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಅದನ್ನು ಯಾರದಾದರೂ ಬೈಕಿಗೆ ಹಾಕಿ ಹೊಸದು ತುಂಬಿ. ಎಣ್ಣೆ ಬೆರೆಸುವುದು ಬೋಟು ಬಿಡುವ ದಿನ, ಆ ಎಂಜಿನಿನ ಪುಸ್ತಕ ಹೇಳಿದ ಪ್ರಮಾಣದಲ್ಲೇ. "ಅಂದಾಜ" ಎಂಬ ಶಬ್ದ ಅಲ್ಲಿ ಬೇಡ.

ಯಾರ ಕೈಯಲ್ಲಿ ಕೀಲಿ?

ತಳ ಗಟ್ಟಿ, ಎಂಜಿನ್ ಗಟ್ಟಿ. ಮೂರನೆಯದು ಗಟ್ಟಿ ಇಲ್ಲದಿದ್ದರೆ ಎರಡೂ ದಂಡ. ಅದು ಮನುಷ್ಯ.

ರಿಪೇರಿ ಒಂದು ಸಲದ ಖರ್ಚು, ಸಾಕುವುದು ವರ್ಷವಿಡೀ. ಎಂಜಿನ್ ಓಡದೆ ಕೂತರೆ ಮತ್ತೆ ಎರಡು ವರ್ಷಕ್ಕೆ ಅದೇ ಗೋಣಿಚೀಲ. ಅದಕ್ಕೊಂದು ಉಪಾಯ ನಮ್ಮ ಪಂಚಾಂಗದಲ್ಲೇ ಇದೆ. ಅಮಾಸಿಗೆ ಟ್ರ್ಯಾಕ್ಟರ್ ತೊಳೆದು ನಿಂಬೆಹಣ್ಣು ಕಟ್ಟುವವರು ನಾವು. ಅಂಗಡಿ ಮುಂದೆ ಕಾಯಿ ಒಡೆಯುವವರು ನಾವು. ಅಮಾಸಿಗೊಮ್ಮೆ, ಹುಣ್ಣಿಮಿಗೊಮ್ಮೆ ಬೋಟಿನ ಎಂಜಿನನ್ನೂ ಡ್ರಮ್ಮಿಗೆ ಇಳಿಸಿ ಕಾಲು ತಾಸು ಓಡಿಸಿದರೆ ಯಾವ ದೇವರೂ ಬೇಡ ಅನ್ನುವುದಿಲ್ಲ. ಓಡಿಸಿದ ದಿನ, ಓಡಿಸಿದವನ ಸಹಿ ಒಂದು ವಹಿಯಲ್ಲಿ. ಅಷ್ಟೇ. ಖಂಡೇ ಪೂಜೆಯ ದಿನ ಆ ವಹಿಗೂ ಎರಡು ಹೂವು ಏರಿಸಿ.

ನಡೆಸುವವನು ಯಾರು? ಸೇತುವೆಗಳಾದ ಮೇಲೆ ಅಂಬಿಗರ ಮಕ್ಕಳು ಬೇರೆ ಬೇರೆ ಕೆಲಸಕ್ಕೆ ಹೋದರು. ತಪ್ಪೇನಿಲ್ಲ, ಹೊಟ್ಟೆ ತುಂಬಬೇಕಲ್ಲ. ಆದರೆ ಹೊಳೆಯ ಸುಳಿ ಎಲ್ಲಿ, ಸೆಳೆತ ಎಲ್ಲಿ ಎಂಬ ಅವರ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಪೂರದಲ್ಲಿ ಬೋಟು ಓಡುವುದು ಹೊಳೆಯ ಮೇಲಲ್ಲ, ಮುಳುಗಿದ ಹೊಲದ ಮೇಲೆ. ಕೆಳಗೆ ಕಬ್ಬಿನ ರವದಿ, ತಂತಿ ಬೇಲಿ, ಪಂಪಸೆಟ್ಟಿನ ಪೈಪು. ಮೇಲೆ ತಲೆಗೆ ಹತ್ತಿರವಾದ ಕರೆಂಟಿನ ತಂತಿ. ಪಂಕಕ್ಕೆ ರವದಿ ಸುತ್ತಿದರೆ ಎಂಜಿನ್ ನಿಂತಿತು, ಬೋಟು ಅಡ್ಡ ತಿರುಗಿತು. ಆಗ ಹೆದರದೆ ಎಂಜಿನ್ ಎತ್ತಿ ಬಿಡಿಸುವವನು, ಅಷ್ಟರೊಳಗೆ ಹುಟ್ಟು ಹಾಕಿ ಬೋಟು ನೇರ ಹಿಡಿಯುವವನು, ಹೀಗೆ ಇಬ್ಬರು ಬೇಕು. ಒಬ್ಬ ಮುದುಕರ ಕಣ್ಣು, ಒಬ್ಬ ಹುಡುಗನ ಕೈ. ಕಟ್ಟೆಯ ಮೇಲೆ ವಾದ ಮಾಡಿದ ಆ ಕಾಕಾ ಮತ್ತು ಆ ತಮ್ಮ ಒಂದೇ ಬೋಟಿನಲ್ಲಿ ಕೂತರೆ ಸಮಸ್ಯೆ ಅರ್ಧ ಬಗೆಹರಿಯಿತು! ಅವರಿಗೆ ಬಿಟ್ಟಿ ದುಡಿಸದೆ ವರ್ಷಕ್ಕೆ ಇಷ್ಟೆಂದು ಗೌರವಧನ ಕಟ್ಟುವುದು ಊರ ಕರ್ತವ್ಯ.

ಲೆಕ್ಕ ಹೀಗಿರಲಿ

ಈಗ ರೊಕ್ಕದ ಮಾತು. ಹೊಸ ಬೋಟು, ಹೊಸ ಎಂಜಿನ್ ಎಂದರೆ ಲಕ್ಷಗಳ ಲೆಕ್ಕ. ಅದಕ್ಕೆ ಅರ್ಜಿ, ಮಂಜೂರಿ, ಟೆಂಡರ್. ಕೇಳಬಾರದೆಂದಲ್ಲ, ಕೇಳಲೇಬೇಕು. ಆದರೆ ಕೇಳುತ್ತ ಕೂರುವುದು ಕೆಲಸವಲ್ಲ.

ನಮ್ಮ ಸೂಚನೆ ಹೀಗಿದೆ. ತಳ ಹಾಳಾಗಿ ಎಂಜಿನ್ ಚಲೋ ಇದ್ದರೆ ಬೋಟು ಒಡೆದು ಹಾಕಿ, ಎಂಜಿನ್ ಉಳಿಸಿಕೊಂಡು, ಅದಕ್ಕೆ ಹೊಂದುವ ತಳ ಮಾತ್ರ ಕೇಳಿ. ತಳ ಚಲೋ ಇದ್ದು ಎಂಜಿನ್ ಸತ್ತಿದ್ದರೆ ಸತ್ತದ್ದಕ್ಕೆ ಔಷಧ ಹಾಕುತ್ತ ಕೂರಬೇಡಿ. ಸಾಮಾನು ಸಿಗುವ ಬೇರೆ ಎಂಜಿನ್ ತನ್ನಿ, ಅಲ್ಲಿಯತನಕ ಹುಟ್ಟಾದರೂ ಇದೆ. ಬೋಟು ತಾಳುವುದಕ್ಕಿಂತ ದೊಡ್ಡ ಎಂಜಿನ್ ಕಟ್ಟಿ ಪ್ರತಿಷ್ಠೆ ಮೆರೆಯಬೇಡಿ. ಎರಡೂ ಚಲೋ ಇದ್ದು ಮನುಷ್ಯ ಇಲ್ಲದಿದ್ದರೆ ರಿಪೇರಿಗೆ ಒಂದು ರೂಪಾಯಿ ಹಾಕಬೇಡಿ, ಮನುಷ್ಯ ಇರುವ ಪಕ್ಕದ ಊರಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳಿ. ಮೂರೂ ಇದ್ದರೆ? ಮಿರಗದ ಮಳೆ ಬೀಳುವುದರೊಳಗೆ ರಿಪೇರಿ ಮುಗಿಸಿ.

ರಿಪೇರಿಯ ಹಣದಲ್ಲೇ ಲೈಫ್ ಜಾಕೆಟ್, ಎರಡು ಹುಟ್ಟು, ಉದ್ದನೆಯ ಹಗ್ಗ, ಬ್ಯಾಟರಿ ಸೇರಿರಬೇಕು. ಜಾಕೆಟ್ ಇಲ್ಲದ ಬೋಟು ಬ್ರೇಕ್ ಇಲ್ಲದ ಬಸ್ಸು. ಕಾಯ್ದೆಯೂ ಇದೆ. 1917 ರ ಹಳೇ ಕಾಯ್ದೆಯ ಜಾಗಕ್ಕೆ 2021 ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂದಿದೆ. ಎಂಜಿನ್ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಬೇಕೆನ್ನುತ್ತದೆ. ಅದನ್ನು ಕಿರಿಕಿರಿ ಎಂದು ತಿಳಿಯಬೇಡಿ. ತಪಾಸಣೆಗೆ ಬಂದ ಅಧಿಕಾರಿ ತಳ ತಟ್ಟಿ ನೋಡಿದರೆ ನಮ್ಮದೇ ಕೆಲಸ ಹಗುರ.

ಅಂಗಡಿಕಾರ ಮಿತ್ರರಿಗೆ ಒಂದು ಮಾತು. ರಿಪೇರಿಗೆಂದು ನಾಳೆ ಯಾರಾದರೂ ಪಟ್ಟಿ ಎತ್ತಲು ಬಂದರೆ ಕೊಡುವುದಾದರೆ ಕೇಳಿ ಕೊಡಿ: ತಳ ತಟ್ಟಿ ನೋಡಿದಿರಾ? 13 ಚೀಲ ಹೇರಿದಿರಾ? ವಹಿ ಎಲ್ಲಿ? ಉತ್ತರ ಬಂದರೆ ಕೈ ಬಿಚ್ಚಿ ಕೊಡಿ. ಬರದಿದ್ದರೆ ಚಹಾ ಕುಡಿಸಿ ಕಳಿಸಿ. ದಂಡೆಯ ಊರಿನವರು ನಿಮ್ಮ ಗಿರಾಕಿಗಳೇ. ಅವರ ಬೋಟು ಮುಳುಗಿದರೆ ನಿಮ್ಮ ಉದ್ರಿ ವಹಿ ತೇಲುವುದಿಲ್ಲ.

ಪಂಚಾಯತಿಯ ಮಹನೀಯರಿಗೂ ತಾಲೂಕಾ ಕಚೇರಿಯ ಸಾಹೇಬರಿಗೂ ಇಷ್ಟೇ ವಿನಂತಿ. ನಿಮ್ಮ ಹದ್ದಿನಲ್ಲಿ ಎಷ್ಟು ಬೋಟುಗಳಿವೆ ಎಂಬ ಲೆಕ್ಕ ಸಾಲದು. ಎಷ್ಟು ಬೋಟು ಹೋದ ಅಮಾಸಿಗೆ ಓಡಿದವು ಎಂಬ ಲೆಕ್ಕ ಇಡಿ. ಓಡದಿದ್ದದ್ದನ್ನು ರಿಪೇರಿ ಮಾಡಿಸಿ, ಆಗದಿದ್ದರೆ ಒಡೆದು ಹಾಕಿ. ಮುಂದಿನ ಗ್ರಾಮಸಭೆಯಲ್ಲಿ ಈ ಎರಡರಲ್ಲಿ ಒಂದು ಠರಾವು ಆಗಲೇಬೇಕು. ಕೋಳಿ ತತ್ತಿ ಇಡುವುದಕ್ಕೆ ಬೇಕಾದರೆ ಬುಟ್ಟಿ ಕೊಡಿಸೋಣ.